‘ಡಿಬ್ಬುಕ್’ ನಾಟಕದ ರಂಗಪೂರ್ವ ಚರಿತ್ರೆ: ಯಹೂದಿ ಕಲಾಸಮುದಾಯದಲ್ಲಿ ರಂಗಪ್ರಸ್ತಾವದ ಸ್ವರೂಪ

ರಂಗಭೂಮಿಯ ಚರಿತ್ರೆಯನ್ನು ಸಾಮಾನ್ಯವಾಗಿ ಮೊದಲ ಪ್ರದರ್ಶನದ ದಿನಾಂಕದಿಂದ ಬರೆಯುವುದು ವಾಡಿಕೆ. ಅದಕ್ಕೂ ಮುನ್ನ ಕೃತಿಯೊಂದು ಯಾರ ಮುಂದೆ ವಾಚನಗೊಂಡಿತು, ಯಾರ ನೆರವನ್ನು ಕೋರಿತು, ಆ ಕೋರಿಕೆಗಾಗಿ ಏನೇನು ಬದಲಾಯಿತು ಎಂಬ ಪ್ರಶ್ನೆಗಳು ಹಿನ್ನೆಲೆಗೆ ಸರಿಯುತ್ತವೆ. ಸ್ವಂತ ರಾಜ್ಯವಾಗಲೀ ಸ್ಥಿರವಾದ ರಂಗಮಂದಿರವಾಗಲೀ ಇಲ್ಲದ ಸಮುದಾಯದ ವಿಷಯದಲ್ಲಿ ಈ ರಂಗಪೂರ್ವ ಚರಿತ್ರೆಯೇ ನಿರ್ಣಾಯಕವಾದುದು. ರಷ್ಯನ್ ಸಾಮ್ರಾಜ್ಯದಲ್ಲಿ 1883ರಲ್ಲಿ ಯಿಡ್ಡಿಷ್ ನಾಟಕಗಳನ್ನು ನಿಷೇಧಿಸಲಾಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಿರ್ಬಂಧ ಸಡಿಲಗೊಂಡರೂ ಯಹೂದಿ ಕಲಾವಿದರು ಪ್ರತಿಯೊಂದು ಪ್ರಯೋಗಕ್ಕೂ ಆಶ್ರಯವನ್ನು ಹೊಸದಾಗಿ ಅರಸಬೇಕಾಗಿತ್ತು. ಎಸ್. ಆನ್‌ಸ್ಕಿ ಅವರ ‘ಡಿಬ್ಬುಕ್’ ನಾಟಕ ಇದಕ್ಕೆ ಅತ್ಯುತ್ತಮ ನಿದರ್ಶನ.

ಆನ್‌ಸ್ಕಿ ಎಂಬುದು ಶ್ಲೋಯ್ಮೆ ಜಾನ್ವಿಲ್ ರಾಪೊಪೋರ್ಟ್ (1863–1920) ಅವರ ಕಾವ್ಯನಾಮ. ಯೌವನದಲ್ಲಿ ರಷ್ಯದ ಜನತಾವಾದಿ ಚಳವಳಿಯತ್ತ ಒಲಿದಿದ್ದ ಇವರು ಕ್ರಮೇಣ ತಮ್ಮ ಜನರ ಜಾನಪದದ ಕಡೆಗೆ ಹಿಂದಿರುಗಿದರು. 1912ರಿಂದ 1914ರವರೆಗೆ ವೊಲ್ಹೀನಿಯ, ಪೊದೋಲಿಯ ಮೊದಲಾದ ಪ್ರಾಂತ್ಯಗಳ ಯಹೂದಿ ಊರುಗಳಲ್ಲಿ ಕ್ಷೇತ್ರಕಾರ್ಯ ನಡೆಸಿ ಕಥೆ, ಹಾಡು, ನಂಬಿಕೆ, ಆಚರಣೆಗಳನ್ನು ಸಂಗ್ರಹಿಸಿದರು. ಸಂಗೀತಗಾರ ಯೊಯೆಲ್ ಎಂಗೆಲ್, ಛಾಯಾಗ್ರಾಹಕ ಸೊಲೊಮೊನ್ ಯುದೋವಿನ್ ಈ ಯಾತ್ರೆಯಲ್ಲಿ ಜೊತೆಗಿದ್ದರು. ಬ್ಯಾರನ್ ವ್ಲಾದಿಮಿರ್ ಗಿಂಜ್‌ಬುರ್ಗ್ ಧನಸಹಾಯ ನೀಡಿದರು. ಯಾತ್ರೆಗೆ ಅವರ ತಂದೆಯ ಹೆಸರನ್ನಿಡಲಾಯಿತು. ಮೊದಲನೆಯ ಮಹಾಯುದ್ಧ ಈ ಕಾರ್ಯವನ್ನು ನಿಲ್ಲಿಸಿತು. ಯುದ್ಧದಲ್ಲಿ ಆ ಊರುಗಳು ನಾಶವಾಗುತ್ತಿದ್ದಂತೆ, ಸಂಗ್ರಹಿಸಿದ್ದನ್ನು ಜೀವಂತವಾಗಿ ಉಳಿಸುವ ಇನ್ನೊಂದು ಮಾರ್ಗ ರಂಗಭೂಮಿಯೇ ಆಯಿತು.

‘ಎರಡು ಲೋಕಗಳ ನಡುವೆ’ ಎಂಬ ಇನ್ನೊಂದು ಹೆಸರೂ ಇರುವ ಈ ನಾಟಕದ ಕಥೆ ಸರಳವಾದುದು. ಇಬ್ಬರು ಗೆಳೆಯರು ತಮ್ಮ ಹುಟ್ಟಲಿರುವ ಮಕ್ಕಳಿಗೆ ಮದುವೆ ಮಾಡುವುದಾಗಿ ವಚನ ಕೊಟ್ಟುಕೊಳ್ಳುತ್ತಾರೆ. ಮುಂದೆ ಲೇಯಾಳ ತಂದೆ ಧನದಾಸೆಯಿಂದ ಮಗಳಿಗೆ ಬೇರೊಂದು ಸಂಬಂಧ ಗೊತ್ತುಮಾಡುತ್ತಾನೆ. ಬಡ ವಿದ್ಯಾರ್ಥಿ ಖೋನೆನ್ ಎದೆಯೊಡೆದು ಸಾಯುತ್ತಾನೆ. ಮದುವೆಯ ದಿನ ಅವನ ಆತ್ಮ ವಧುವಿನ ಮೈದುಂಬುತ್ತದೆ. ಹೀಗೆ ಮೈಯೊಳಗೆ ಸೇರುವ ಪ್ರೇತಾತ್ಮಕ್ಕೇ ಡಿಬ್ಬುಕ್ ಎಂದು ಹೆಸರು.

ಆನ್‌ಸ್ಕಿ ಈ ನಾಟಕವನ್ನು ರಷ್ಯನ್ ಭಾಷೆಯಲ್ಲಿಯೂ ಯಿಡ್ಡಿಷ್‌ನಲ್ಲಿಯೂ ರಚಿಸಿ, ಮಾಸ್ಕೋ ಆರ್ಟ್ ಥಿಯೇಟರಿನ ಸ್ಟಾನಿಸ್ಲಾವ್‌ಸ್ಕಿ ಅವರ ಮುಂದಿಟ್ಟರು. ನಾಟಕದುದ್ದಕ್ಕೂ ಸುಳಿಯುವ ‘ದೂತ’ನ ಪಾತ್ರ ಅವರ ಸಲಹೆಯ ಫಲವೆಂಬುದು ರಂಗೇತಿಹಾಸಕಾರರಲ್ಲಿ ಪ್ರಚಲಿತವಾಗಿರುವ ಅಭಿಪ್ರಾಯ. ಅದನ್ನು ಒಪ್ಪುವುದಾದರೆ, ಪ್ರಸ್ತಾವವು ಕೇವಲ ಅನುಮತಿಯ ಕೋರಿಕೆಯಾಗಿರದೆ ಕೃತಿರಚನೆಯ ಒಂದು ಘಟ್ಟವೂ ಆಗಿತ್ತೆಂದು ತಿಳಿಯಬೇಕಾಗುತ್ತದೆ. ಆದರೆ ಅಲ್ಲಿ ರಷ್ಯನ್ ಪ್ರಯೋಗ ಕೈಗೂಡಲಿಲ್ಲ. ಕವಿ ಹಯೀಮ್ ನಹಮಾನ್ ಬಿಯಾಲಿಕ್ ಮಾಡಿದ ಹೀಬ್ರೂ ಅನುವಾದ 1918ರಲ್ಲಿ ಪ್ರಕಟವಾಗಿ ನಾಟಕಕ್ಕೆ ಮತ್ತೊಂದು ದಾರಿ ತೆರೆಯಿತು.

ಇದೇ ಅವಧಿಯಲ್ಲಿ ಇನ್ನೊಂದು ಪ್ರಸ್ತಾವವೂ ಸ್ಟಾನಿಸ್ಲಾವ್‌ಸ್ಕಿ ಅವರ ಬಳಿಗೆ ಬಂದಿತು. ಹೀಬ್ರೂ ಶಿಕ್ಷಕ ನಹೂಮ್ ಜೆಮಾಖ್ ಅವರು ಮೆನಾಹೆಮ್ ಗ್ನೆಸಿನ್, ಹನ್ನಾ ರೋವಿನಾ ಅವರೊಡನೆ 1917ರಲ್ಲಿ ಮಾಸ್ಕೋದಲ್ಲಿ ‘ಹಬೀಮಾ’ ತಂಡವನ್ನು ಕಟ್ಟಿದ್ದರು. ಆ ನಗರದಲ್ಲಿ ಹೀಬ್ರೂವನ್ನು ಆಡುಮಾತಾಗಿ ಬಳಸುತ್ತಿದ್ದವರು ಅತಿ ವಿರಳ. ಪ್ರೇಕ್ಷಕವರ್ಗವೇ ಇನ್ನೂ ರೂಪುಗೊಳ್ಳದ ಭಾಷೆಯಲ್ಲಿ ವೃತ್ತಿಪರ ರಂಗಭೂಮಿಯನ್ನು ಕಟ್ಟುವ ಈ ಯೋಜನೆಗೆ ಸ್ಟಾನಿಸ್ಲಾವ್‌ಸ್ಕಿ ಸ್ಪಂದಿಸಿ, ತಮ್ಮ ಶಿಷ್ಯ ಯೆವ್ಗೇನಿ ವಖ್ತಾಂಗೊವ್ ಅವರನ್ನು ನಿರ್ದೇಶಕರನ್ನಾಗಿ ಒದಗಿಸಿದರು. ವಖ್ತಾಂಗೊವ್ ಅರ್ಮೇನಿಯನ್ ಮೂಲದವರು. ಅವರಿಗೆ ಹೀಬ್ರೂ ತಿಳಿದಿರಲಿಲ್ಲ. 1918ರ ಅಕ್ಟೋಬರಿನಲ್ಲಿ ಏಕಾಂಕಗಳ ಪ್ರದರ್ಶನದೊಂದಿಗೆ ತಂಡ ರಂಗಕ್ಕೆ ಬಂದಿತು.

ಹಬೀಮಾ ಎದುರಿಸಿದ ಪ್ರಬಲ ವಿರೋಧ ಯಹೂದಿ ಸಮುದಾಯದ ಒಳಗಿನಿಂದಲೇ ಬಂದಿತೆಂಬುದು ಗಮನಾರ್ಹ. ಕಮ್ಯುನಿಸ್ಟ್ ಪಕ್ಷದ ಯಹೂದಿ ವಿಭಾಗವು ಯಿಡ್ಡಿಷ್ ಶ್ರಮಜೀವಿಗಳ ಭಾಷೆ, ಹೀಬ್ರೂ ಪುರೋಹಿತರ ಹಾಗೂ ಬಂಡವಾಳಗಾರರ ಭಾಷೆ ಎಂದು ಪರಿಗಣಿಸಿ, ತಂಡಕ್ಕೆ ಸರಕಾರಿ ನೆರವು ಸಲ್ಲದೆಂದು ವಾದಿಸಿತು. ಆಗ ಸ್ಟಾನಿಸ್ಲಾವ್‌ಸ್ಕಿ, ನೆಮಿರೋವಿಚ್-ದಾಂಚೆಂಕೊ, ಗಾಯಕ ಶಲ್ಯಾಪಿನ್ ಮೊದಲಾದ ರಷ್ಯನ್ ಕಲಾವಿದರು ತಂಡದ ಪರವಾಗಿ ನಿಂತರು. ಒಳಗಿನವರು ಭಾಷೆಯ ಪ್ರಶ್ನೆಯೆತ್ತಿದರೆ ಹೊರಗಿನವರು ಕಲೆಯ ಮೌಲ್ಯವನ್ನು ಮುಂದಿಟ್ಟರು.

ನಾಟಕವನ್ನು ರಂಗದ ಮೇಲೆ ಕಾಣುವ ಭಾಗ್ಯ ಆನ್‌ಸ್ಕಿ ಅವರಿಗೆ ಒದಗಲಿಲ್ಲ. 1920ರ ನವೆಂಬರ್ 8ರಂದು ವಾರ್ಸಾ ಸಮೀಪದ ಒಟ್‌ವೊಟ್ಸ್ಕ್‌ನಲ್ಲಿ ಅವರು ನಿಧನರಾದರು. ಯಹೂದಿ ಸಂಪ್ರದಾಯದ ಮೂವತ್ತು ದಿನಗಳ ಶೋಕಾವಧಿ ಮುಗಿಯುತ್ತಿದ್ದಂತೆ, ಡಿಸೆಂಬರ್ 9ರಂದು, ‘ವಿಲ್ನಾ ತಂಡ’ವು ದಾವಿದ್ ಹೆರ್ಮಾನ್ ಅವರ ನಿರ್ದೇಶನದಲ್ಲಿ ವಾರ್ಸಾದಲ್ಲಿ ಇದನ್ನು ಯಿಡ್ಡಿಷ್‌ನಲ್ಲಿ ಪ್ರದರ್ಶಿಸಿತು. ಲೇಖಕನ ಬದುಕಿನಲ್ಲಿ ಫಲಿಸದ ಕೋರಿಕೆ ಅವನ ಸ್ಮರಣೆಯಾಗಿ ಫಲಿಸಿತು.

ಹಬೀಮಾದ ಹೀಬ್ರೂ ಪ್ರಯೋಗ 1922ರ ಜನವರಿ 31ರಂದು ಮಾಸ್ಕೋದಲ್ಲಿ ನಡೆಯಿತು. ರಂಗವಿನ್ಯಾಸ ನತಾನ್ ಆಲ್ಟ್‌ಮಾನ್ ಅವರದು; ಸಂಗೀತ ಕ್ಷೇತ್ರಯಾತ್ರೆಯ ಸಂಗಾತಿ ಎಂಗೆಲ್ ಅವರದು; ಲೇಯಾಳ ಪಾತ್ರ ರೋವಿನಾ ಅವರದು. ಮದುವೆಯ ದೃಶ್ಯದ ಭಿಕ್ಷುಕರ ನೃತ್ಯವನ್ನು ವಖ್ತಾಂಗೊವ್ ವಿಕಾರವೂ ಉಗ್ರವೂ ಆದ ಸಮೂಹನೃತ್ಯವಾಗಿ ಬೆಳೆಸಿದರು. ಸಿರಿವಂತನ ಮನೆಯಂಗಳದಲ್ಲಿ ಬಡವರ ಒಡಲುರಿ ಕುಣಿಯುವ ಆ ದೃಶ್ಯದಲ್ಲಿ ಕ್ರಾಂತಿಯ ಕಾಲದ ದನಿಯಿತ್ತು. ಊರಿನ ಜಾನಪದವನ್ನು ಆಧುನಿಕ ರಂಗದ ಪ್ರೇಕ್ಷಕರಿಗೆ ಒಪ್ಪಿಸುವ ಕ್ರಮ ಇಲ್ಲಿ ಪೂರ್ಣಗೊಂಡಿತು. ತೀವ್ರ ಅಸ್ವಸ್ಥರಾಗಿದ್ದ ವಖ್ತಾಂಗೊವ್ ಅದೇ ವರ್ಷ ಮೇ ತಿಂಗಳಲ್ಲಿ ತೀರಿಕೊಂಡರು. 1926ರಲ್ಲಿ ರಷ್ಯವನ್ನು ತೊರೆದ ಹಬೀಮಾ ಅಮೆರಿಕದಲ್ಲಿ ಇಬ್ಭಾಗವಾಯಿತು. ಜೆಮಾಖ್ ಅಲ್ಲಿಯೇ ಉಳಿದರು. ಪ್ಯಾಲೆಸ್ಟೈನಿನಲ್ಲಿ ನೆಲೆಸಿದ ಬಣ 1958ರಲ್ಲಿ ಇಸ್ರೇಲಿನ ರಾಷ್ಟ್ರೀಯ ರಂಗಭೂಮಿಯೆಂಬ ಮನ್ನಣೆ ಪಡೆಯಿತು.

ಒಟ್ಟಿನಲ್ಲಿ, ಧನಿಕ ಪೋಷಕ, ಬಹುಸಂಖ್ಯಾತರ ರಂಗಸಂಸ್ಥೆ, ಪ್ರಭುತ್ವ ಹಾಗೂ ಸ್ವಸಮುದಾಯ ಎಂಬ ನಾಲ್ಕು ನೆಲೆಗಳಲ್ಲಿ ಈ ಪ್ರಸ್ತಾವಗಳು ನಡೆದವು. ಒಂದೊಂದು ನೆಲೆಯೂ ಕೃತಿಯ ಮೇಲೆ ತನ್ನ ಮುದ್ರೆಯನ್ನೊತ್ತಿತು: ವಸ್ತು ಕ್ಷೇತ್ರಯಾತ್ರೆಯಿಂದ, ದೂತನ ಪಾತ್ರ ವಾಚನದಿಂದ, ಭಿಕ್ಷುಕರ ನೃತ್ಯದ ಉಗ್ರತೆ ಕ್ರಾಂತಿಯ ಕಾಲದಿಂದ ಬಂದಿತು. ಯಿಡ್ಡಿಷ್ ಮತ್ತು ಹೀಬ್ರೂ ಎಂಬ ಎರಡು ರಂಗಜೀವನಗಳಾದರೋ ಸಮುದಾಯದ ಒಳಗಿನ ಭಿನ್ನಮತದ ಫಲ. ಆನ್‌ಸ್ಕಿ ನಡೆದಾಡಿದ ಆ ಊರುಗಳ ಯಹೂದಿ ಬದುಕು ಎರಡನೆಯ ಮಹಾಯುದ್ಧದ ನರಮೇಧದಲ್ಲಿ ಅಳಿದುಹೋಯಿತು. ಅದರ ಹಾಡು, ನಂಬಿಕೆಗಳ ಒಂದಂಶವಾದರೂ ರಂಗದ ಮೇಲೆ ಉಳಿದುಬಂದುದಕ್ಕೆ ಈ ಸತತ ಕೋರಿಕೆಗಳೇ ಕಾರಣ.