ಜೀಗುಜ್ಜೆ: ಹಡಗಿನಲ್ಲಿ ಮನುಷ್ಯರಿಗಿಂತ ಮೊದಲು ನೀರು ಪಡೆದ ಗಿಡ

ಮಳೆಗಾಲದಲ್ಲಿ ಮುಂಬೈನ ಮಾಟುಂಗಾ ಮಾರ್ಕೆಟ್‌ಗೆ ಹೋದವರು ಇದನ್ನ ನೋಡಿರ್ತೀರಿ. ಗುಂಡಗೆ, ಹಸಿರಾಗಿ, ಚೂಪು ಮುಳ್ಳಿಲ್ಲದ ಪುಟ್ಟ ಹಲಸಿನಕಾಯಿ ಥರ ಇರುತ್ತೆ. ಅಂಗಡಿಯವರು ನೀರ್‌ಫಣಸ್ ಅಂತಾರೆ. ಜೊತೆಗೆ ಮಂಗಳೂರಿನವರಿದ್ರೆ "ಓ, ಜೀಗುಜ್ಜೆ!" ಅಂತ ಎರಡು ಕೊಂಡೇ ಬಿಡ್ತಾರೆ. ಘಟ್ಟದ ಮೇಲಿನವನಾದ ನನಗೆ ಇದರ ಪರಿಚಯ ಆಗಿದ್ದು ಊರು ಬಿಟ್ಟ ಮೇಲೆ.

ಕನ್ನಡದಲ್ಲಿ ಇದಕ್ಕೆ ದೀವಿಹಲಸು ಅಂತ ಇನ್ನೊಂದು ಹೆಸರಿದೆ. ದೀವಿ ಅಂದ್ರೆ ದ್ವೀಪ. 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲೇ ಇದ್ದ ಅಮೀನ್‌ದೀವಿ ದ್ವೀಪಗಳ ಹೆಸರಲ್ಲೂ ಅದೇ ಪದ ಇದೆ. ಮಲಯಾಳಿಗಳು ಶೀಮಚಕ್ಕ ಅಂತಾರೆ, ಅಂದ್ರೆ ಸೀಮೆ ಹಲಸು. ನಮ್ಮ ಸೀಮೆಎಣ್ಣೆ, ಸೀಮೆಸುಣ್ಣದ ಸೀಮೆಯೇ ಅದು. ಹೊರಗಿಂದ ಬಂದದ್ದು ಅಂತ ಹೆಸರೇ ಹೇಳುತ್ತೆ.

ಇದರ ಬಳಗದ ಮೂಲ ನ್ಯೂಗಿನಿ ಕಡೆ. ಅಲ್ಲಿ ಬೀಜ ಇರುವ ಕಾಡು ಜಾತಿ ಇದೆ. ಅದರಿಂದ ಶುರುಮಾಡಿ ಪೆಸಿಫಿಕ್ ದ್ವೀಪಗಳ ಜನ ಸಾವಿರಾರು ವರ್ಷ ಆರಿಸಿ ಆರಿಸಿ, ದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಒಯ್ದು ಬೆಳೆಸಿದ್ರು. ಹೀಗೆ ಆರಿಸುತ್ತಾ ಹೋದಂತೆ ಬೀಜವೇ ಇಲ್ಲದ ತಳಿಗಳು ಬಂದವು. ಕಾಯಿ ಊಟಕ್ಕೆ, ಒಳತೊಗಟೆ ಬಟ್ಟೆಗೆ, ಅಂಟು ದೋಣಿಯ ಬಿರುಕು ಮುಚ್ಚೋಕೆ, ಒಣಗಿದ ಗಂಡು ಹೂವು ಸುಟ್ಟರೆ ಸೊಳ್ಳೆ ದೂರ. ಹೆಚ್ಚಾದ ಕಾಯಿಯನ್ನ ಗುಂಡಿಯಲ್ಲಿ ಹುಳಿಬರಿಸಿ ಬರಗಾಲಕ್ಕೆ ಇಡ್ತಿದ್ರು.

ಬೀಜ ಇಲ್ಲದ ಮರ ತಾನಾಗಿ ಎಲ್ಲಿಗೂ ಹೋಗಲ್ಲ. ಯಾರೋ ಬೇರಿನ ತುಂಡು ಹೊತ್ತೊಯ್ಯಬೇಕು. ನಮ್ಮ ಕಸುಬಿನ ಭಾಷೆಯಲ್ಲಿ ಹೇಳೋದಾದ್ರೆ ಪ್ರತಿ ಮರವೂ ಹಳೇ ಮರದ ಕ್ಲೋನ್. ಹಾಗಾಗಿ ಈ ಮರದ ಇತಿಹಾಸ ಅಂದ್ರೆ ಅದನ್ನ ಯಾರು ಹೊತ್ತರು, ಯಾತಕ್ಕೆ ಹೊತ್ತರು ಅನ್ನೋದೇ.

1769ರಲ್ಲಿ ಕ್ಯಾಪ್ಟನ್ ಕುಕ್ ಜೊತೆ ತಹೀತಿಗೆ ಹೋದ ಜೋಸೆಫ್ ಬ್ಯಾಂಕ್ಸ್ ಈ ಮರ ನೋಡಿ ಬೆರಗಾಗಿದ್ದ. ಆಮೇಲೆ ಅಮೆರಿಕದ ಸ್ವಾತಂತ್ರ್ಯ ಯುದ್ಧ ಬಂತು. ಕೆರಿಬಿಯನ್ನಿನ ಬ್ರಿಟಿಷ್ ಕಬ್ಬಿನ ತೋಟಗಳಿಗೆ ಅಲ್ಲಿಂದ ಬರುತ್ತಿದ್ದ ಆಹಾರ ನಿಂತಿತು. ಮೇಲಿಂದ ಮೇಲೆ ಚಂಡಮಾರುತಗಳು. ಜಮೈಕಾದಲ್ಲಿ ಆಫ್ರಿಕಾ ಮೂಲದ ಗುಲಾಮರು ಸಾವಿರಾರು ಸಂಖ್ಯೆಯಲ್ಲಿ ಹಸಿವಿನಿಂದ ಸತ್ತರು. ತೋಟದ ಮಾಲೀಕರಿಗೆ ಹೊಳೆದ ಪರಿಹಾರ: ಗುಲಾಮರ ಹೊಟ್ಟೆಗೆ ಅಗ್ಗದ ಆಹಾರ, ತಹೀತಿಯ ಈ ಮರ.

1787ರ ಡಿಸೆಂಬರ್‌ನಲ್ಲಿ ವಿಲಿಯಂ ಬ್ಲೈ 'ಬೌಂಟಿ' ಹಡಗಿನಲ್ಲಿ ಹೊರಟ. ಕ್ಯಾಪ್ಟನ್‌ಗೆ ಮೀಸಲಾಗಿದ್ದ ದೊಡ್ಡ ಕ್ಯಾಬಿನ್ನನ್ನೇ ಗಿಡಗಳ ಮನೆ ಮಾಡಿದ್ರು. ತಹೀತಿಯಲ್ಲಿ ಗಿಡಗಳು ಕುಂಡದಲ್ಲಿ ಬೇರು ಹಿಡಿಯಬೇಕು, ಗಾಳಿಯೂ ಅನುಕೂಲವಾಗಬೇಕು, ಅದಕ್ಕೇ ಐದು ತಿಂಗಳು ಕಾದರು. 1,015 ಗಿಡ ಹೇರಿಕೊಂಡು ಹೊರಟ ಮೇಲೆ, 1789ರ ಏಪ್ರಿಲ್ 28ರಂದು ನಾವಿಕರು ದಂಗೆ ಎದ್ದರು. ಬ್ಲೈನನ್ನೂ 18 ಜನರನ್ನೂ ಸಣ್ಣ ದೋಣಿಗೆ ಇಳಿಸಿ, ಗಿಡಗಳನ್ನ ಸಮುದ್ರಕ್ಕೆ ಎಸೆದರು.

ಸಿನಿಮಾಗಳು ಮಾಡಿರೋದು ಈ ದಂಗೆಯ ಮೇಲೆ. ನನಗೆ ಹೆಚ್ಚು ಕಾಡೋದು ಎರಡನೇ ಯಾತ್ರೆ. 1791ರಲ್ಲಿ ಬ್ಲೈ 'ಪ್ರಾವಿಡೆನ್ಸ್' ಹಡಗಿನಲ್ಲಿ ಮತ್ತೆ ಹೊರಟ. ಈ ಸಲ ಎರಡು ಸಾವಿರಕ್ಕೂ ಹೆಚ್ಚು ಗಿಡ. ವಾಪಸ್ ಬರುವಾಗ ಸಿಹಿನೀರು ಕಡಿಮೆ ಬಿತ್ತು, ಗಿಡಕ್ಕೆ ಮೊದಲ ಪಾಲು. ಮೆಟ್ಟಿಲ ಮೇಲೆ ಮಲಗಿ, ಗಿಡಕ್ಕೆ ನೀರು ಒಯ್ಯುವ ಡಬ್ಬಿಗಳಿಂದ ಬಿದ್ದ ಹನಿಗಳನ್ನ ನೆಕ್ಕುತ್ತಿದ್ದೆವು ಅಂತ ಆ ಹಡಗಿನ ಒಬ್ಬ ಹುಡುಗ ಮುಂದೆ ನೆನಪಿಸಿಕೊಂಡ. ಅವನೇ ಮ್ಯಾಥ್ಯೂ ಫ್ಲಿಂಡರ್ಸ್, ಆಮೇಲೆ ಆಸ್ಟ್ರೇಲಿಯಾದ ಕರಾವಳಿಯ ನಕ್ಷೆ ಮಾಡಿದವನು.

1793ರ ಜನವರಿಯಲ್ಲಿ ಸೇಂಟ್ ವಿನ್ಸೆಂಟ್, ಫೆಬ್ರವರಿಯಲ್ಲಿ ಜಮೈಕಾ ತಲುಪಿದ್ರು. ಮೂರರಲ್ಲಿ ಒಂದು ಪಾಲು ಗಿಡ ಉಳಿದಿತ್ತು. ಇಷ್ಟೆಲ್ಲ ಆದ ಮೇಲೆ ಗುಲಾಮರು ಅದನ್ನ ತಿನ್ನೋಕೆ ಒಪ್ಪಲಿಲ್ಲ! ಅವರಿಗೆ ಬಾಳೆಕಾಯಿಯೇ ರುಚಿ. ಬಹುಕಾಲ ಹಂದಿಗಳು ತಿಂದವು. ಎಲ್ಲ ಕಿತ್ತುಕೊಂಡವರು ಕೊಟ್ಟ ಊಟವನ್ನ ಬೇಡ ಅಂದಿದ್ದನ್ನ ಬರೀ ನಾಲಿಗೆಯ ವಿಷಯ ಅಂತ ನನಗೆ ಅನ್ನಿಸಲ್ಲ. ಅಲ್ಲಿ ಗುಲಾಮಗಿರಿ ಪೂರ್ತಿ ಹೋಗಿದ್ದು 1838ರಲ್ಲಿ. ಬಿಡುಗಡೆಯಾದ ಜನ ತಮ್ಮದೇ ಹಿತ್ತಲಲ್ಲಿ ಇದನ್ನ ಬೆಳೆಸಿ, ಇಡೀ ಕಾಯಿ ಕೆಂಡದಲ್ಲಿ ಸುಟ್ಟು ತಿಂದ್ರು. ಇವತ್ತು ಸುಟ್ಟ ಜೀಗುಜ್ಜೆ ಮತ್ತು ಹುರಿದ ಮೀನು ಸೇಂಟ್ ವಿನ್ಸೆಂಟಿನ ರಾಷ್ಟ್ರೀಯ ಊಟ. ಬ್ಲೈ ತಂದ ಗಿಡವೊಂದರ ಬೇರಿನಿಂದ ಚಿಗುರಿದ ಮೂರನೇ ತಲೆಮಾರಿನ ಮರ ಅಲ್ಲಿನ ಸಸ್ಯೋದ್ಯಾನದಲ್ಲಿದೆ.

ಬೆಳೆಸೋದು ಹೇಗೆ ಅಂತ ಕೇಳೇ ಕೇಳ್ತೀರಿ. ಇವತ್ತಿಗೂ ಅದೇ ಉಪಾಯ: ಹೆಬ್ಬೆರಳು ದಪ್ಪದ ಬೇರನ್ನ ಗೇಣುದ್ದ ತುಂಡು ಮಾಡಿ, ಮರಳಿನಲ್ಲಿ ಓರೆಯಾಗಿ ಹೂತು ತೇವ ಆರದಂತೆ ನೋಡಿಕೊಳ್ಳೋದು. ಅಥವಾ ಮೇಲೆ ಕಾಣುವ ಬೇರಿಗೆ ಸಣ್ಣ ಗಾಯ ಮಾಡಿದ್ರೆ ಅಲ್ಲೇ ಚಿಗುರು ಬರುತ್ತೆ. ಮಳೆ ಶುರುವಾದಾಗ ನೆಟ್ಟರೆ ನಾಲ್ಕೈದು ವರ್ಷಕ್ಕೆ ಕಾಯಿ. ಆದರೆ ಮರ ದೊಡ್ಡದಾಗುತ್ತೆ, ಬಾಲ್ಕನಿ ಕುಂಡದ ಆಸೆ ಬಿಡಿ. ಚಳಿ, ಒಣಹವೆ ಎರಡೂ ಆಗಲ್ಲ. ದೆಹಲಿಯವರು, ಹೈದರಾಬಾದಿನವರು ಕ್ಷಮಿಸಬೇಕು. ಕರಾವಳಿಯಲ್ಲಿ ಹಿತ್ತಲಿದ್ದವರು ಪುಣ್ಯವಂತರು.

ಉಳಿದವರು ಮಾರ್ಕೆಟ್‌ನಿಂದ ತಂದು ಪೋಡಿ ಮಾಡಿ. ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ, ಉಪ್ಪು-ಖಾರ ಹಚ್ಚಿ, ಕಡಲೆಹಿಟ್ಟಿನಲ್ಲಿ ಅದ್ದಿ ಕರಿಯೋದು. ಹೆಚ್ಚುವ ಮುಂಚೆ ಕೈಗೂ ಚಾಕುವಿಗೂ ಕೊಬ್ಬರಿ ಎಣ್ಣೆ ಸವರಿಕೊಳ್ಳಿ, ಮೇಣ ಇದೆ.