ಕೆರೆಯ ಎರಡು ದಡ

ಕೆರೆಗೆ ಎಷ್ಟು ದಡ ಎಂದು ಕೇಳಿದರೆ ಪಟ್ಟಣದಲ್ಲಿ ಬೆಳೆದವರು, ನೀರಿನ ಸುತ್ತ ಇರುವುದೆಲ್ಲ ದಡವೇ ಅಲ್ಲವೇ ಎಂದಾರು. ನಮ್ಮ ಒಕ್ಕಲುಮಕ್ಕಳ ಕನ್ನಡ ಅದನ್ನು ಒಪ್ಪುವುದಿಲ್ಲ. ನೀರನ್ನು ತಡೆದು ನಿಲ್ಲಿಸಲೆಂದು ಮನುಷ್ಯ ಕಟ್ಟಿದ ಕಡೆಗೆ ಅದು ಏರಿ ಎಂದು ಹೆಸರಿಟ್ಟಿದೆ. ನೀರು ಹಿಂದಕ್ಕೆ ಹರಡಿಕೊಂಡು, ಬೇಸಗೆಯಲ್ಲಿ ಸರಿದು, ಮಳೆಗಾಲದಲ್ಲಿ ಮರಳಿ ಬರುವ ಇಳಿಜಾರಿಗೆ ಅಂಗಳ ಎಂದಿದೆ. ಮನೆಗೆ ಗೋಡೆಯೂ ಬೇಕು, ಅಂಗಳವೂ ಬೇಕು. ಅಂಗಳದ ತುಂಬ ಗೋಡೆ ಎಬ್ಬಿಸಿದವರನ್ನು ಮಾತ್ರ ನಾನು ಕಂಡಿರಲಿಲ್ಲ.

ಕಂಡದ್ದು ಶಿಡ್ಲಘಟ್ಟ ತಾಲ್ಲೂಕಿನ ಸಾದಲಿ ಹೋಬಳಿಯಲ್ಲಿ. ಒಂದು ಶಾಸನದ ಅಚ್ಚು ತೆಗೆದುಕೊಳ್ಳಬೇಕೆಂದು ನಾಲ್ಕಾರು ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋಗಿದ್ದೆ. ಬೋಳು ಬಂಡೆಯ ಗುಡ್ಡಗಳು, ನಡುವೆ ರಾಗಿಯ ಹೊಲ, ಹಿಪ್ಪುನೇರಳೆಯ ತೋಟ; ಗುಡ್ಡದಿಂದ ಇಳಿದ ಒಂದು ಹಳ್ಳ, ಅದರ ಕೊನೆಗೆ ಕೆರೆ. ಹಳ್ಳದ ಎರಡು ದಂಡೆಗೂ ಹೊಸದಾಗಿ ಕಾಂಕ್ರೀಟಿನ ಗೋಡೆ ಎದ್ದಿತ್ತು. ಮಣ್ಣಿನ ಸವಕಳಿಯನ್ನು ತಡೆಯುವುದಕ್ಕೆಂದು ಕಟ್ಟಿದ ಆ ಗೋಡೆ ಹಳ್ಳದಲ್ಲಿ ನಿಲ್ಲದೆ, ಕೆರೆಯ ಅಂಗಳದ ಅರ್ಧವನ್ನು ಬಳಸಿಕೊಂಡು ಹೋಗಿತ್ತು. ನಾವು ಹುಡುಕಿ ಬಂದ ಕಲ್ಲು ಅದರ ಬುಡದಲ್ಲಿ ಹೂತುಹೋಗಿ, ಮೇಲಿನ ಸೂರ್ಯಚಂದ್ರರಿಬ್ಬರು ಮಾತ್ರ ಕಾಣುತ್ತಿದ್ದರು. ಎಮ್ಮೆ ಹೊಡೆದುಕೊಂಡು ಬಂದ ಮುದುಕರೊಬ್ಬರು ನಮ್ಮ ಪೇಚಾಟವನ್ನು ಸ್ವಲ್ಪ ಹೊತ್ತು ನೋಡಿ, “ನಿಮ್ಮ ಕಲ್ಲು ಹೋಗ್ಲಿ ಮೇಷ್ಟ್ರೇ, ನಮ್ಮ ಎಮ್ಮೆ ನೀರಿಗೆ ಇಳಿಯೋದೆಲ್ಲಿ ಹೇಳಿ” ಎಂದರು.

ಉತ್ತರ ನನ್ನಲ್ಲಿರಲಿಲ್ಲ. ಆದರೆ ಆ ಪ್ರಶ್ನೆಗೆ ಒಂದು ಚರಿತ್ರೆಯಿದೆ.

ಈ ಸೀಮೆಯಲ್ಲಿ ನದಿಗಳು ಹುಟ್ಟುತ್ತವೆ, ಬೆಳೆಯುವುದಿಲ್ಲ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಘ್ನಿ, ಪಾಲಾರ್ ಇವೆಲ್ಲ ನಂದಿಯ ಬೆಟ್ಟಗಳಲ್ಲಿಯೂ ಅವುಗಳ ಆಸುಪಾಸಿನಲ್ಲಿಯೂ ಕಣ್ದೆರೆದು, ಮೈತುಂಬಿಕೊಳ್ಳುವುದರೊಳಗೆ ಪರನಾಡಿನ ಪಾಲಾಗುತ್ತವೆ. ಆದುದರಿಂದ ಇಲ್ಲಿನ ಜನ ನದಿಯನ್ನು ನೆಚ್ಚದೆ ಹಳ್ಳಗಳನ್ನೇ ಹಿಡಿದು ನಿಲ್ಲಿಸಿದರು. ಒಂದರ ಕೋಡಿಯ ನೀರು ಮತ್ತೊಂದಕ್ಕೆ ಬೀಳುವಂತೆ ಕೆರೆಗಳ ಸಾಲನ್ನೇ ಕಟ್ಟಿದರು. 1860ರ ದಶಕದಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿಯವರು (ಬೆಂಗಳೂರಿನವರು ದಿನವೂ ಇವರ ಹೆಸರಿನ ಕೆರೆಯ ಸುತ್ತ ಗಾಳಿಸೇವನೆಗೆ ಹೋಗುತ್ತಾರೆ) ಈ ಪ್ರಾಂತದಲ್ಲಿ ಇನ್ನೊಂದು ಕೆರೆಗೆ ಜಾಗ ಹುಡುಕುವುದೇ ಜಾಣತನದ ಕೆಲಸವಾದೀತೆಂಬ ಅರ್ಥದ ಮಾತನ್ನು ಬರೆದಿಟ್ಟಿದ್ದಾರೆ.

ಕಟ್ಟಿದವರಿಗೆ ಶಾಸ್ತ್ರವಿತ್ತೇ? ಇತ್ತು. 1388ರ ಗೌರಿಬಿದನೂರು ಸೀಮೆಯ ಶಾಸನವೊಂದು, ಜಲಸೂತ್ರವನ್ನು ಬಲ್ಲ ಸಿಂಗಾಯಭಟ್ಟನೆಂಬಾತನು ವಿಜಯನಗರದ ಬುಕ್ಕರಾಯನ ಅಪ್ಪಣೆಯಂತೆ ಹೆನ್ನೆಯ, ಎಂದರೆ ಪಿನಾಕಿನಿಯ, ನೀರನ್ನು ಕಾಲುವೆಯಲ್ಲಿ ಸಿರುವೆರದ ಕೆರೆಗೆ ತಿರುಗಿಸಿದನೆಂದು ಹೇಳುತ್ತದೆ. ಇದಕ್ಕಿಂತಲೂ ವಿಶದವಾದದ್ದು ಪೊರುಮಾಮಿಳ್ಳದ 1369ರ ಸಂಸ್ಕೃತ ಶಾಸನ. ಆ ಊರು ಕಡಪಾ ಜಿಲ್ಲೆಯಲ್ಲಿದೆ. ನಮ್ಮ ಪಾಪಘ್ನಿ ಹರಿದುಹೋಗಿ ಪೆನ್ನೆಯನ್ನು ಕೂಡುವುದೂ ಅದೇ ಜಿಲ್ಲೆಯಲ್ಲಿ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ತಗಲುವ ಆರು ದೋಷಗಳನ್ನೂ ಅದು ಎಣಿಸುತ್ತದೆ. ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ಕೆಲಸವೆಂಬ ಲೆಕ್ಕವನ್ನೂ ಕೊಡುತ್ತದೆ. ನಮ್ಮ ಪ್ರಕೃತಕ್ಕೆ ಬೇಕಾದದ್ದು ಇಷ್ಟು: ಏರಿ ಒತ್ತಾದ ಕಲ್ಲಿನದಾಗಿರಬೇಕು, ಗಟ್ಟಿಯಾಗಿರಬೇಕು, ಅತಿ ಉದ್ದವಾಗಿರಬಾರದು, ಕೆರೆಯ ಒಡಲು ವಿಸ್ತಾರವಾಗಿಯೂ ಆಳವಾಗಿಯೂ ಇರಬೇಕು. ಕಲ್ಲನ್ನು ಹೇಳಿದ್ದು ಏರಿಗೆ. ಒಡಲಿಗೆ ಹೇಳಿದ್ದು ಬಿಡುವು.

ಏರಿಯ ಒಳಮೈಗೆ ಕಲ್ಲು ಜೋಡಿಸುವುದು ಅಲೆಯ ಹೊಡೆತಕ್ಕೆ ಮಣ್ಣು ಕರಗಬಾರದೆಂದು. ಹಳೆಯ ಕೆಲಸದಲ್ಲಿ ಈ ಕಲ್ಲುಗಳ ನಡುವೆ ಗಾರೆಯಿಲ್ಲ. ಕೆರೆ ಇಳಿಯುವಾಗ ಮಣ್ಣಿನೊಳಗೆ ಹೀರಿದ್ದ ನೀರು ಸಂದುಗಳಿಂದ ಜಿನುಗಿ ಹೊರಬರುತ್ತದೆ. ಸಂದು ಮುಚ್ಚಿದರೆ ಆ ನೀರೇ ಹಿಂದಿನಿಂದ ಗೋಡೆಯನ್ನು ನೂಕುತ್ತದೆ. ಅದೇ ಸಂದಿನಲ್ಲಿ ಏಡಿ, ಕಪ್ಪೆ, ಮೀನಿನ ಮರಿಗಳ ಸಂಸಾರ. ಹಳ್ಳದ ದಂಡೆಗಾದರೋ ಲಾವಂಚ, ಲಕ್ಕಿ, ಹೊಂಗೆಗಳ ಬೇರು ಸಾಕಾಗಿತ್ತು.

ಸವಕಳಿ ಸುಳ್ಳಲ್ಲ. ಬೋಳಾದ ಗುಡ್ಡದಿಂದ ಬಂದ ಮಣ್ಣು ಕೆರೆಯಲ್ಲಿ ಕುಳಿತು ಹೂಳಾಗುತ್ತದೆ. ಹೂಳು ತುಂಬಿದ ಕೆರೆ ಏರಿಯ ಮೇಲೆ ಹರಿಯುತ್ತದೆ. ನೆರೆಯ ಚಿಂತಾಮಣಿ ತಾಲ್ಲೂಕಿನಲ್ಲಿ ಹುಟ್ಟುವ ಪಾಲಾರಿನ ಮೇಲಿನ ಕೆರೆಗಳು 1903ರ ನವೆಂಬರಿನ ಮಳೆಗೆ ಒಡೆದಾಗ, ಆ ನೀರು ಕೆಳಗಿನ ವಾಣಿಯಂಬಾಡಿಯವರೆಗೆ ನುಗ್ಗಿ ಜನರನ್ನು ಬಲಿ ತೆಗೆದುಕೊಂಡಿತು. 2021ರ ನವೆಂಬರಿನಲ್ಲಿ ಈ ಜಿಲ್ಲೆಗಳ ಅನೇಕ ಕೆರೆಗಳು ಬಹು ವರ್ಷಗಳ ಮೇಲೆ ಕೋಡಿ ಬಿದ್ದಾಗ ಹಳ್ಳಿಯವರು ರಾತ್ರಿಯೆಲ್ಲ ಎಚ್ಚರವಿದ್ದರೆ ಅದು ಬರಿಯ ಸಂತೋಷಕ್ಕಲ್ಲ. ದಂಡೆಯನ್ನು ಭದ್ರಪಡಿಸುವ ಕೆಲಸವೇ ಬೇಡವೆನ್ನುವವನು ಕೆರೆಯ ಕೆಳಗೆ ಮನೆ ಮಾಡಿದವನಲ್ಲ.

ಹಳಬರು ಆ ಕೆಲಸವನ್ನು ಒಮ್ಮೆ ಮಾಡಿ ಕೈತೊಳೆದುಕೊಳ್ಳಲಿಲ್ಲ ಎಂಬುದೇ ವ್ಯತ್ಯಾಸ. ಕನ್ನಡ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ, ದಸವಂದ ಎಂಬ ಮಾತುಗಳು ಎಷ್ಟು ಸಲ ಬರುತ್ತವೆಯೋ ಲೆಕ್ಕವಿಲ್ಲ. ಎಲ್ಲವೂ ಕೆರೆಯ ನಿರ್ಮಾಣಕ್ಕೆ, ಪಾಲನೆಗೆ ಬಿಟ್ಟ ಭೂಮಿ, ತೆರಿಗೆಗಳಿಗೆ ಸಂಬಂಧಿಸಿದವು. ಹೂಳು ಹೊತ್ತು ಏರಿಗೆ ಹಾಕುವ ಬಂಡಿಗೆಂದೇ ದತ್ತಿ ಬಿಟ್ಟವರುಂಟು. ಬೇಸಗೆಯಲ್ಲಿ ಅಂಗಳದ ಗೋಡುಮಣ್ಣು ಹೊಲಕ್ಕೆ ಹೋಗುತ್ತಿತ್ತು, ಮುಂದೆ ಹಿಪ್ಪುನೇರಳೆಯ ತೋಟಕ್ಕೂ ಹೋಯಿತು. ಬಂಡಿ ಇಳಿಯುವುದಕ್ಕೆ ಇಳಿಜಾರು ಇದ್ದುದರಿಂದ ಇದೆಲ್ಲ ಸಾಧ್ಯವಾಯಿತು.

ಇಳಿಜಾರು ಗೋಡೆಯಾದರೆ ಏನಾಗುತ್ತದೆಂದು ಕೆಲಸಕ್ಕೆ ಮೊದಲು ಅಳೆದು ನೋಡಬೇಡವೇ? ಅಳೆಯುವುದು ಕಷ್ಟವಲ್ಲ. ಮಳೆಗಾಲದಲ್ಲಿ ಒಮ್ಮೆ, ವೈಶಾಖದಲ್ಲಿ ಒಮ್ಮೆ ನೀರಿನ ಅಂಚು ಎಲ್ಲಿದೆಯೆಂದು ಗುರುತು ಹಾಕಬೇಕು. ಮೊಣಕಾಲುದ್ದದ ನೀರಿನಲ್ಲಿ ಆಪು, ಜೊಂಡು ಎಷ್ಟಗಲಕ್ಕೆ ಬೆಳೆದಿವೆ, ಕೆಸರಿನಲ್ಲಿ ಕೊಕ್ಕೂರಿ ನಡೆಯುವ ಹಕ್ಕಿಗಳೆಷ್ಟು ಎಂದು ಎಣಿಸಬೇಕು. ಗೋಡೆ ಮುಗಿದ ಕೆಳಗಡೆ ದಂಡೆ ಹೊಸದಾಗಿ ಕೊರೆಯುತ್ತಿದೆಯೇ ಎಂದು ನೋಡಬೇಕು. ಕಟ್ಟಿನಿಂದ ವೇಗ ಪಡೆದ ನೀರು ಮೆತ್ತನೆಯ ಮಣ್ಣನ್ನು ಮುಂದೆಲ್ಲಾದರೂ ಹುಡುಕಿಯೇ ಹುಡುಕುತ್ತದೆ. ಇನ್ನೊಂದು ಪಕ್ಕದಲ್ಲಿ, ಕೆರೆಗೆ ಬರುವ ಹೂಳು ಎಷ್ಟು ತಗ್ಗಿತೆಂಬ ಲಾಭವನ್ನೂ ಬರೆಯಬೇಕು. ನ್ಯಾಯವಾದ ಲೆಕ್ಕಕ್ಕೆ ಎರಡು ಪಕ್ಕವೂ ಬೇಕು.

ಹೀಗೆ ಅಳೆಯಿರೆಂದು ಕೇಳಲು ಕಾನೂನಿನ ಆಸರೆ ತೆಳ್ಳಗಿದೆ. 1971ರ ರಾಮ್‌ಸರ್ ಒಪ್ಪಂದವು ಜೌಗುನೆಲವೆಂದರೆ ಪ್ರಕೃತಿ ಮಾಡಿದ್ದೂ ಆಗಬಹುದು, ಮನುಷ್ಯ ಮಾಡಿದ್ದೂ ಆಗಬಹುದು ಎಂದಿತು. ಭಾರತ ಸರ್ಕಾರದ 2017ರ ಜೌಗುಪ್ರದೇಶ ನಿಯಮಗಳು ಮಾತ್ರ ಕುಡಿಯುವ ನೀರಿಗಾಗಿ, ನೀರಾವರಿಗಾಗಿ ಮನುಷ್ಯ ಕಟ್ಟಿದ ಜಲಾಶಯಗಳನ್ನು ಹೊರಗಿಟ್ಟವು. ನದಿಯ ಪಾತ್ರವನ್ನೂ ಭತ್ತದ ಗದ್ದೆಯನ್ನೂ ಬಿಟ್ಟವು. ಹಾಗಾದರೆ ಸಾದಲಿಯ ಕಡೆಯ ಕೆರೆ, ಅದರೊಳಗೆ ನಿಂತ ಕೊಕ್ಕರೆ ಏನೇ ತಿಳಿದುಕೊಂಡಿರಲಿ, ಕಾಗದದ ಮೇಲೆ ಜೌಗಲ್ಲ! ವಿಚಿತ್ರವೆಂದರೆ 2024ರಲ್ಲಿ ರಾಮ್‌ಸರ್ ಪಟ್ಟಿಗೆ ಸೇರಿದ ನಮ್ಮ ನಾಡಿನ ತಾಣಗಳಲ್ಲಿ ವಿಜಯನಗರ ಜಿಲ್ಲೆಯ ಅಂಕಸಮುದ್ರ, ಗದಗ ಜಿಲ್ಲೆಯ ಮಾಗಡಿ ಕೆರೆಗಳೂ ಇವೆ. ಎರಡೂ ನೀರಾವರಿಗೆಂದು ಜನ ಕಟ್ಟಿದ ಕೆರೆಗಳೇ. ಹಕ್ಕಿಗಳು ಹೆಸರು ತಂದುಕೊಟ್ಟ ಕೆರೆಗೆ ಒಂದು ಮರ್ಯಾದೆ, ಹೆಸರಿಲ್ಲದ ಸಾವಿರಾರು ಕೆರೆಗಳಿಗೆ ಇನ್ನೊಂದು ಎಂದಾಯಿತು.

ಅಂದು ನಮಗೆ ಅಚ್ಚು ಸಿಗಲಿಲ್ಲ. ಹೊರಡುವ ಮುನ್ನ ಆ ಮುದುಕರು ನಮ್ಮನ್ನು ಗೋಡೆಯ ಗುಂಟ ಇನ್ನೂರು ಹೆಜ್ಜೆ ಕರೆದುಕೊಂಡು ಹೋದರು. ಅಲ್ಲಿ ಯಾರೋ ಹಾರೆಯಿಂದ ಗೋಡೆಯನ್ನು ಎರಡಾಳಗಲ ಒಡೆದು ಮಣ್ಣು ಸುರಿದಿದ್ದರು. ಎಮ್ಮೆಗಳು ನಮ್ಮನ್ನು ದಾಟಿಕೊಂಡು ಒಂದರ ಹಿಂದೆ ಒಂದು ಆ ಕಂಡಿಯಲ್ಲಿ ಇಳಿದವು.