ನರ ಆಕರಕೋಶ: ಸ್ವನವೀಕರಣ

ಭ್ರೂಣದ ಮಿದುಳಿನಲ್ಲಿ ಕುಹರಗಳ ಗೋಡೆಗುಂಟ ಇರುವ ನರ ಆಕರಕೋಶಗಳು ನರಕೋಶಗಳನ್ನೂ ಗ್ಲಿಯಾಕೋಶಗಳನ್ನೂ ಹುಟ್ಟಿಸುತ್ತವೆ. ಜೊತೆಗೆ ತಮ್ಮಂಥವೇ ಕೆಲವನ್ನು ಉಳಿಸಿಕೊಳ್ಳುತ್ತವೆ; ಇದೇ ಸ್ವನವೀಕರಣ. ವಯಸ್ಕ ಇಲಿಯಲ್ಲಿ ಇವು ಮುಖ್ಯವಾಗಿ ಪಾರ್ಶ್ವಕುಹರಗಳ ಅಂಚಿನಲ್ಲೂ ಹಿಪೊಕ್ಯಾಂಪಸ್ಸಿನಲ್ಲೂ ಸಿಗುತ್ತವೆ. ವಯಸ್ಕ ಇಲಿಯ ಮಿದುಳಿನಿಂದ ಬಿಡಿಸಿದ ಕೋಶಗಳು ಇಜಿಎಫ್ ಎಂಬ ಬೆಳವಣಿಗೆ ಪ್ರೋಟೀನಿನ ಸಹಾಯದಿಂದ ವಿಭಜಿಸಿ ಗುಂಡು ಗುಂಡಾಗಿ ಬೆಳೆಯುವುದನ್ನು ರೆನಾಲ್ಡ್ಸ್ ಮತ್ತು ವೈಸ್ 1992ರಲ್ಲಿ ತೋರಿಸಿದರು.

ನಾಚ್ ಸಂಕೇತ

ಕೋಶವೊಂದು ನರಕೋಶವಾಗಲು ಹೊರಟಾಗ ಅದರ ಮೈಮೇಲೆ ಡೆಲ್ಟಾ ಪ್ರೋಟೀನು ಹೆಚ್ಚುತ್ತದೆ. ಅದು ಪಕ್ಕದ ಕೋಶದ ನಾಚ್ ಗ್ರಾಹಕಕ್ಕೆ ಅಂಟಿಕೊಂಡೊಡನೆ ನಾಚ್ ತುಂಡಾಗಿ, ಅದರ ಒಳಭಾಗ ಕೋಶಕೇಂದ್ರಕ್ಕೆ ಹೋಗಿ ಹೆಸ್1, ಹೆಸ್5 ಜೀನ್‌ಗಳನ್ನು ಚಾಲೂ ಮಾಡುತ್ತದೆ. ಇವು ಆಸ್ಕಲ್1ರಂಥ, ನರಕೋಶ ರೂಪಿಸುವ ಜೀನ್‌ಗಳನ್ನು ಅದುಮಿಡುತ್ತವೆ. ಅಂದರೆ ಮೊದಲು ಬಲಿತ ಕೋಶವೇ ನೆರೆಯ ಕೋಶ ಬಲಿಯದಂತೆ ತಡೆಯುತ್ತದೆ. ಹೆಸ್1 ಇಲ್ಲದ ಇಲಿಭ್ರೂಣದಲ್ಲಿ ನರಕೋಶಗಳು ಅವಧಿಗೆ ಮುಂಚೆ ಹುಟ್ಟಿ, ಆಕರಕೋಶಗಳ ದಾಸ್ತಾನು ಬೇಗ ಕರಗುತ್ತದೆ.

ಇದಿಷ್ಟೇ ಆಗಿದ್ದರೆ ಹೆಸ್1 ಬರಿಯ ತಡೆ ಎನ್ನಬಹುದಿತ್ತು. ಆದರೆ ಹೆಸ್1 ತನ್ನ ಜೀನನ್ನೂ ತಾನೇ ಅದುಮುತ್ತದೆ. ಅದರ ಆರ್‌ಎನ್‌ಎ ಮತ್ತು ಪ್ರೋಟೀನಿನ ಅರ್ಧಾಯುಷ್ಯ ಸುಮಾರು 20 ನಿಮಿಷ ಮಾತ್ರ; ಪ್ರೋಟೀನು ಸವೆದೊಡನೆ ಜೀನ್ ಮತ್ತೆ ಚಾಲೂ. ಹೀಗೆ 2–3 ಗಂಟೆಗೊಮ್ಮೆ ಹೆಸ್1 ಏರಿಳಿಯುತ್ತದೆ. ಕ್ಯೋಟೋದ ರ‍್ಯೋಇಚಿರೊ ಕಾಗೆಯಾಮಾ ಅವರ ತಂಡ 2002ರಲ್ಲಿ ಈ ಏರಿಳಿತವನ್ನು ಸಾಕಿದ ಕೋಶಗಳಲ್ಲೂ, 2008ರಲ್ಲಿ ಇಲಿಯ ನರ ಪೂರ್ವಜಕೋಶಗಳಲ್ಲೂ ವರದಿ ಮಾಡಿತು. ಹೆಸ್1 ಏರಿದಾಗ ಆಸ್ಕಲ್1 ಇಳಿಯುತ್ತದೆ, ಇಳಿದಾಗ ಏರುತ್ತದೆ.

2013ರ ಪ್ರಯೋಗ ನಿರ್ಣಾಯಕವೆನ್ನಬಹುದು: ಅದೇ ತಂಡ ಆಸ್ಕಲ್1 ಉತ್ಪಾದನೆಯನ್ನು ನೀಲಿ ಬೆಳಕಿನಿಂದ ನಿಯಂತ್ರಿಸಿತು. ಬಿಟ್ಟು ಬಿಟ್ಟು ಬೆಳಕು ಕೊಟ್ಟಾಗ ಕೋಶಗಳು ವಿಭಜಿಸಿದವು. ಒಂದೇ ಸಮನೆ ಕೊಟ್ಟಾಗ ನರಕೋಶಗಳಾದವು. ಪ್ರೋಟೀನು ಒಂದೇ, ಫಲ ಎರಡು. ಇದಕ್ಕೆ ಪ್ರತಿಯಾಗಿ, ಹೆಸ್1 ಏರಿಳಿಯದೆ ಎತ್ತರದಲ್ಲೇ ನಿಂತರೆ ಕೋಶ ಬಲಿಯುವುದೂ ಇಲ್ಲ, ಚುರುಕಾಗಿ ವಿಭಜಿಸುವುದೂ ಇಲ್ಲ. ವಯಸ್ಕ ಮಿದುಳಿನ ಸುಪ್ತ ಆಕರಕೋಶಗಳ ಸ್ಥಿತಿ ಬಹುಶಃ ಇದೇ. ಆದ್ದರಿಂದ ಬಲಿಯದಿರುವುದನ್ನೂ ವಿಭಜಿಸುವುದನ್ನೂ ಒಂದೇ ಗುಣವೆಂದು ಎಣಿಸುವುದು ಸರಿಯಲ್ಲ.

ಇತರ ಅಂಶಗಳು

ಸಾಕ್ಸ್2 ಪ್ರೋಟೀನು ಆಕರಸ್ಥಿತಿಗೆ ಅಗತ್ಯ. ಬೀಟಾ-ಕೆಟೆನಿನ್ ಪ್ರೋಟೀನು ಸವೆಯದಂತೆ ಮಾಡಿದ ಇಲಿಗಳಲ್ಲಿ ಆಕರಕೋಶಗಳು ಹೆಚ್ಚಿ, ಮಿದುಳಿನ ಹೊರಪದರ ಹಿಗ್ಗಿ ಮಡಿಕೆಗಟ್ಟಿದ್ದನ್ನು ಚೆನ್ ಮತ್ತು ವಾಲ್ಷ್ 2002ರಲ್ಲಿ ವರದಿ ಮಾಡಿದರು. ಹಣ್ಣುನೊಣದ ನರ ಆಕರಕೋಶ ಅಸಮವಾಗಿ ವಿಭಜಿಸಿ, ಪ್ರಾಸ್ಪೆರೊ ಪ್ರೋಟೀನನ್ನು ಒಂದೇ ಮರಿಕೋಶಕ್ಕೆ ದಾಟಿಸುತ್ತದೆ. ಬಲಿಯುವುದು ಆ ಮರಿಕೋಶ.

ಮನುಷ್ಯರಲ್ಲಿ

ವಯಸ್ಕರ ಹಿಪೊಕ್ಯಾಂಪಸ್ಸಿನಲ್ಲಿ ಹೊಸ ನರಕೋಶ ಹುಟ್ಟುವುದೇ ಎಂಬುದು ವಿವಾದಿತ. 2018ರಲ್ಲಿ ಕೆಲವೇ ವಾರಗಳ ಅಂತರದಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ಪರಸ್ಪರ ವಿರುದ್ಧ ತೀರ್ಮಾನಕ್ಕೆ ಬಂದವು.